ಪಾರ್ಟಿ ನಮ್ಮ ಮನ್ಯಾಗ, ಬಾಟ್ಲಿ ಯಾರದ್ದು?

ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ. ಈ ಸಲ ಒಂದು ಪತ್ರ ಭಾಳ ಉದ್ದ ಬಂದದ, ಓದಿದ್ಮ್ಯಾಲ ಎರಡು ದಿನ ಅದೇ ತಲ್ಯಾಗ ಇತ್ತು. ಹೆಸರು, ಓಣಿ, ಕಾಲೇಜು ಎಲ್ಲ ತಗದು ಹಾಕೀನಿ. ಉಳದವು ಸಣ್ಣ ಪ್ರಶ್ನೆ, ಬ್ಯಾರೆ ಬ್ಯಾರೆ ಊರಿಂದ ಬಂದಿದ್ವು ಆದ್ರ ಮಾತು ಒಂದೇ, ಅದಕ್ಕ ಕೂಡ್ಸಿ ಇಲ್ಲೇ ಬರ್ದೀನಿ.

ಪ್ರಶ್ನೆ: ವಕೀಲ ಸಾಹೇಬ್ರಿಗೆ ನಮಸ್ಕಾರ ರೀ. ನಮ್ದು ಕಲಬುರಗಿ, ಸೇಡಂ ರೋಡ್ ಕಡೆ ಮನಿ. ಹಿರೇ ಮಗ ಸೆಕೆಂಡ್ ಪಿಯುಸಿ ಮುಗಿಸ್ಯಾನ, 18 ತುಂಬ್ಲಾಕ ಇನ್ನಾ ನಾಕು ತಿಂಗ್ಳು ಅದ. ಹೋದ ತಿಂಗ್ಳು ನಾನು ನಮ್ಮನಿಯವ್ರು ಸೊಲ್ಲಾಪುರಕ್ಕ ಲಗ್ನಕ್ಕ ಹೋಗಿದ್ವಿ, ಒಂದೇ ರಾತ್ರಿ. ಮಗ ಫ್ರೆಂಡ್ಸ್ ಬರ್ತಾರ, ಮ್ಯಾಚ್ ನೋಡ್ತೀವಿ, ಹೊರಗಿಂದ ಊಟ ತರ್ಸ್ತೀವಿ ಅಂದ, ಹೂಂ ಅಂದೆ. ನಮ್ಮ ಭಾವನ ಮಗ, 22 ವರ್ಷದಾವ, ಅವ್ನೂ ಮನ್ಯಾಗೇ ಇರ್ತೀನಿ ಕಾಕು ಅಂದಿದ್ದ, ಅದೇ ಧೈರ್ಯದ ಮ್ಯಾಲ ಹೋದ್ವಿ. ಆ ದೊಡ್ಡವನೇ ಬಾಟ್ಲಿ ತಂದಾನ ರೀ. ಏಳು ಜನ ಪೋರಗೋಳು ಮಾಳಗಿ ಮ್ಯಾಲ ಕುಂತಾರ. ಅದ್ರಾಗ ಒಬ್ಬಾವ 16 ವರ್ಷದಾವ, ಟ್ಯೂಷನ್ ಫ್ರೆಂಡು, ಬೆಟ್ ಕಟ್ಟಿ ನಮ್ಮ ಮನಿ ನೀರ್ ಕುಡಿಯೋ ಸ್ಟೀಲ್ ಗ್ಲಾಸಿನಾಗ ನೀರ್ ಸೇರಸ್ದೇ ತುಂಬ್ಕೊಂಡು ಒಂದೇ ಸಲ ಕುಡದಾನಂತ. ವಾಂತಿ ಆಗಿ ಮಾತ್ ನಿಂತದ. ಇವ್ರು ಹೆದರಿ ಚಾಪಿ ಹಾಸಿ ಮಲಗ್ಸಿ, ಬಾಯಾಗ ನಿಂಬಿಹಣ್ಣು ಹಿಂಡ್ಯಾರ, ಮಾರಿಗಿ ನೀರ್ ಹೊಡ್ದಾರ, ಎರಡು ತಾಸು ಹಂಗೇ ಕುಂತಾರ. ಬಾಜೂ ಮನಿ ಕಾಕಾ ನಳದ ನೀರ್ ಬಂತಂತ ಮೋಟಾರ್ ಚಾಲೂ ಮಾಡ್ಲಾಕ ಎದ್ದವ್ರು ನೋಡಿ ದವಾಖಾನಿಗೆ ಒಯ್ದಾರ. ಶರಣಬಸಪ್ಪನ ಪುಣ್ಯ, ಎರಡು ದಿನಕ್ಕ ಹುಡ್ಗ ಹುಷಾರಾಗ್ಯಾನ. ಈಗ ಅವ್ರ ತಂದಿ ಕಂಪ್ಲೇಂಟ್ ಕೊಡ್ತೀನಿ ಅನ್ಲಾಕತ್ಯಾರ. ನಡುವ ಒಬ್ರು ಬಂದು ಮೂರು ಲಕ್ಷ ಕೊಡ್ರಿ, ನಾನ್ ಮುಗಿಸ್ತೀನಿ ಅಂತಾರ. ಆ ರಾತ್ರಿದು ಯಾವನೋ ವಿಡಿಯೋ ಮಾಡ್ಯಾನ, ಅದೂ ಗ್ರೂಪಿನಾಗ ತಿರುಗ್ಲಾಕತ್ಯದ. ನಮ್ಮನಿಯವ್ರು ಮಗನ ಫೋನ್ ಪೂರಾ ಖಾಲಿ ಮಾಡು ಅಂತಾರ. ನನ್ ಮಗ ಜೇಲಿಗಿ ಹೋಗ್ತಾನೇನ್ರಿ? ನಾವ್ ಊರಾಗೇ ಇರ್ಲಿಲ್ಲ, ನಮ್ಮ ಮ್ಯಾಲೂ ಬರ್ತದೇನು? ಮುಂದ ಪಾಸ್‌ಪೋರ್ಟು, ನೌಕ್ರಿಗಿ ಅಡ್ಡಿ ಆಯ್ತದೇನು? ರಾತ್ರಿ ನಿದ್ದಿ ಇಲ್ರಿ.
ಒಬ್ಬ ತಾಯಿ, ಕಲಬುರಗಿ

ಉತ್ತರ: ಅಕ್ಕೋರೆ, ಮೊದ್ಲು ನಿಮ್ಮ ಜೇಲಿನ ಪ್ರಶ್ನೆಗೇ ಬರ್ತೀನಿ, ಯಾಕಂದ್ರ ನಿದ್ದಿ ಕೆಡಿಸಿದ್ದು ಅದೇ ಅಂತ ಗೊತ್ತಾಯ್ತದ. ನಿಮ್ ಮಗ ಜೇಲಿಗಿ ಹೋಗೂದಿಲ್ಲ. 18 ತುಂಬದವ್ರನ್ನ ಲಾಕಪ್ಪಿನಾಗ ಇಡಂಗಿಲ್ಲ, ಜೇಲಿಗಿ ಕಳಸಂಗಿಲ್ಲ, ಬೇಡಿ ಹಾಕಂಗಿಲ್ಲ. ನಾಕು ತಿಂಗ್ಳಿಗೆ 18 ಆಗ್ತಾನಲ್ಲ, ಅಷ್ಟ್ರಾಗ ಕೇಸ್ ಮುಗೀಲಿಲ್ಲಂದ್ರ ಏನು ಅಂತ ಒಬ್ರು ನನ್ನ ಹಿಂಗೇ ಕೇಳಿದ್ರು, ಅದೂ ಚಿಂತಿ ಬ್ಯಾಡ, ಘಟನೆ ಆದ ದಿನ ವಯಸ್ಸು ಎಷ್ಟಿತ್ತು ಅನ್ನೋದೇ ಲೆಕ್ಕ. ವಯಸ್ಸಿನ ಪುರಾವೆಗಿ ಮೊದ್ಲ ಕೇಳೋದು ಸಾಲಿ ದಾಖಲಾತಿ ಇಲ್ಲಂದ್ರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಅದಿಲ್ಲಂದ್ರ ಮುನ್ಸಿಪಾಲ್ಟಿ ಅಥ್ವಾ ಪಂಚಾಯ್ತಿ ಜನನ ಪತ್ರ. ಮಾರ್ಕ್ಸ್ ಕಾರ್ಡ್ ಇವತ್ತೇ ಹುಡ್ಕಿ ಒಂದು ಝೆರಾಕ್ಸ್ ತಗದು ಇಡ್ರಿ.

ಈಗ ಅಸಲಿ ಮಾತು. ನಮ್ಮಲ್ಲಿ ಮಂದಿ ಏನ್ ತಿಳ್ಕೊಂಡಾರಂದ್ರ ಪೋರಗೋಳು ಕುಡದ್ರ ಪೋರಗೋಳ ಮ್ಯಾಲ ಕೇಸು ಅಂತ. ಕಾನೂನು ಹಂಗಿಲ್ಲ, ಉಲ್ಟಾ ಅದ. ಕಾನೂನು ಮೊದ್ಲು ಕೇಳೋದು ಗ್ಲಾಸ್ ಯಾರ ಕೈಯಾಗಿತ್ತು ಅಂತ ಅಲ್ಲ, ಗ್ಲಾಸ್ ಯಾರು ಕೊಟ್ರು ಅಂತ. 2015ರ ಬಾಲನ್ಯಾಯ ಕಾಯ್ದೆ ಅದ, ಅದರ 77ನೇ ಕಲಂನಾಗ ಡಾಕ್ಟರ್ ಬರ್ದು ಕೊಟ್ಟದ್ದು ಬಿಟ್ಟು ಯಾರೇ ಆಗ್ಲಿ 18ರ ಒಳಗಿನವ್ರಿಗಿ ಸೆರೆ, ತಂಬಾಕು, ಮತ್ತಿನ ಪದಾರ್ಥ ಕೊಟ್ರ ಇಲ್ಲಾ ಕೊಡ್ಸಿದ್ರ, 7 ವರ್ಷದ ತನಕ ಕಠಿಣ ಜೇಲು, ಅದರ ಸಂಗಾಟ 1 ಲಕ್ಷದ ತನಕ ದಂಡ. ಕೊಟ್ರ ಅನ್ನೋದ್ರ ಬಾಜೂಕ ಕೊಡ್ಸಿದ್ರ ಅಂತ ಅದಲ್ಲ, ಅದ್ನ ನೆಪ್ಪ ಇಡ್ರಿ. ರೊಕ್ಕಕ್ಕ ಮಾರಿರಬೇಕು ಅಂತೇನಿಲ್ಲ, ಪ್ರೀತಿಲೇ ಕೊಟ್ರೂ ಅದೇ, ಬರ್ತಡೇ ಅಂತ ಕೊಟ್ರೂ ಅದೇ, ಹುಡ್ಗನೇ ಬೇಡಿದ್ದ ಅಂದ್ರೂ ಅದೇ.

ಅಂದ್ರ ನಿಮ್ಮ ಮನ್ಯಾಗ ಖರೇ ಸಿಕ್ಕೊಳ್ಳಾವ ನಿಮ್ ಮಗ ಅಲ್ಲ, ನಿಮ್ಮ ಭಾವನ ಮಗ. ಹೇಳ್ಲಾಕ ಕೆಟ್ಟ ಅನಸ್ತದ, ಒಂದೇ ಮನಿ ಮಂದಿ, ಆದ್ರ ಮುಚ್ಚಿ ಹೇಳಿದ್ರ ನಿಮಗ ಉಪಯೋಗ ಇಲ್ಲ. 22 ವರ್ಷದಾವ, ಅಂಗಡಿಗೆ ಹೋಗ್ಯಾನ, ರೊಕ್ಕ ಕೊಟ್ಟಾನ, ತಂದು ಏಳು ಜನ ಸಣ್ಣವ್ರ ನಡುವ ಇಟ್ಟಾನ. ನಾ ಯಾರಿಗೂ ಕುಡಿ ಅಂದಿಲ್ಲ, ಅವ್ರೇ ತಗೊಂಡ್ರು ಅಂತ ಅವ ಹೇಳ್ತಾನ, ನನ್ನ ಕಕ್ಷಿದಾರರೂ ಎಲ್ಲಾರೂ ಅದೇ ಹೇಳೋದು. ಅದು ನಡಿತದೋ ಇಲ್ಲೋ ಕೋರ್ಟಿನಾಗ ನೋಡೋ ಮಾತು, ಆದ್ರ ಅಂಗಡಿದು ಫೋನ್‌ಪೇ ಎಂಟ್ರಿ, ಅಂಗಡಿ ಕ್ಯಾಮೆರಾ, ಮತ್ತ ಆ ವಿಡಿಯೋ, ಮೂರೂ ಕೂಡಿ ಕುಂತ್ರ ಸಮಜಾಯಿಷಿ ಹೇಳೋದು ಕಷ್ಟ ಆಯ್ತದ. ಅವನಿಗಿ ಬ್ಯಾರೆ ವಕೀಲರನ್ನ ಹಿಡೀರಿ. ನಿಮ್ ಮಗನ ವಕೀಲರು ಬ್ಯಾರೆ, ಅವನ ವಕೀಲರು ಬ್ಯಾರೆ ಇರ್ಬೇಕು, ಯಾಕಂದ್ರ ನಾಳಿ ಇಬ್ರ ಮಾತು ಒಂದಕ್ಕೊಂದು ಅಡ್ಡ ಬರ್ತದ. ಇದ್ರಿಂದ ಅಣ್ಣ ತಮ್ಮರ ನಡುವ ಮಾತುಕತಿ ನಿಂತ್ರೂ ನಿಲ್ಲಬಹುದು, ನಾ ನೋಡೀನಿ ಅಂಥವು.

ಇಲ್ಲೊಂದು ಗಂಟು ಅದ, ಪೊಲೀಸ್ ಠಾಣಾದಾಗೂ ಭಾಳ ಮಂದಿ ಗಡಬಡ ಮಾಡ್ಕೋತಾರ. 2021ರಾಗ ಬಾಲನ್ಯಾಯ ಕಾಯ್ದೆ ತಿದ್ದುಪಡಿ ಆಯ್ತಲ್ಲ, ಅದಾದ್ಮ್ಯಾಲ 3ರಿಂದ 7 ವರ್ಷದ ತನಕ ಶಿಕ್ಷೆ ಇರೋ ಈ ಕಾಯ್ದೆದ ಗುನ್ನೆ ಎಲ್ಲ ನಾನ್ ಕಾಗ್ನಿಜೆಬಲ್ ಆಗ್ಯಾವ, ಅಂದ್ರ ಮ್ಯಾಜಿಸ್ಟ್ರೇಟ್ ಪರ್ಮಿಷನ್ ಇಲ್ದ ಪೊಲೀಸರು ತನಿಖಾ ಚಾಲೂ ಮಾಡಂಗಿಲ್ಲ, ಆದ್ರ ಅದೇ ಹೊತ್ತಿಗಿ ನಾನ್ ಬೇಲೆಬಲ್ಲೂ ಹೌದು. ವಿಚಿತ್ರ ಜೋಡಿ ಅದು, ತಾವಾಗೇ ಹಿಡ್ಕೊಂಡು ಹೋಗಂಗಿಲ್ಲ, ಕೇಸ್ ನಡದ್ರ ಬೇಲ್ ಮಾತ್ರ ಕೋರ್ಟಿನಾಗೇ ಬೇಡ್ಬೇಕು. ಹಂಗಂತ ಆ ತಂದಿಗಿ ದಾರಿ ಇಲ್ಲ ಅಂತ ಖುಷಿ ಪಡಬ್ಯಾಡ್ರಿ. ಹುಡ್ಗನ ಜೀವಕ್ಕ ಅಪಾಯ ತಂದ್ರು ಅಂತ ಭಾರತೀಯ ನ್ಯಾಯ ಸಂಹಿತೆದ 125ನೇ ಕಲಂ ಸಂಗಾಟ ಕೂಡ್ಸಿದ್ರಂದ್ರ ಅದು ಕಾಗ್ನಿಜೆಬಲ್, ಒಂದು ಕಾಗ್ನಿಜೆಬಲ್ ಸೇರ್ತಂದ್ರ ಪೂರಾ ಕೇಸೇ ಕಾಗ್ನಿಜೆಬಲ್ ಲೆಕ್ಕ, ಎಫ್‌ಐಆರ್ ಆಗಿಬಿಡ್ತದ. ಹುಡ್ಗ ಉಳದಿದ್ದಿಲ್ಲಂದ್ರ ಮಾತೇ ಬ್ಯಾರೆ ಇರ್ತಿತ್ತು, ನಿರ್ಲಕ್ಷ್ಯದಿಂದ ಸಾವು ಅಂದ್ರ 106ನೇ ಕಲಂ, 5 ವರ್ಷದ ತನಕ. ಅದಕ್ಕ ನಿಮ್ಮ ಭಾವನ ಮಗನ ವಕೀಲರು ಮೊದ್ಲ ನಿರೀಕ್ಷಣಾ ಜಾಮೀನು, ಅಂದ್ರ ಅರೆಸ್ಟ್ ಆಗೋಕಿಂತ ಮೊದ್ಲೇ ಬೇಡೋ ಬೇಲ್, ಹಾಕೋಣ ಅಂತಾರ, ಸೆಷನ್ಸ್ ಕೋರ್ಟಿನಾಗ ಸಿಗಲಿಲ್ಲಂದ್ರ ಹೈಕೋರ್ಟ್ ಪೀಠ ನಮ್ಮ ಊರಾಗೇ ಅದ, ಮೊದ್ಲಿನಂಗ ಬೆಂಗಳೂರಿಗಿ ರಾತ್ರಿ ಟ್ರೇನ್ ಹತ್ತೋ ಜರೂರಿಲ್ಲ.

ನಿಮ್ ಮಗಂದು. ಅವ ಬರೀ ಕುಡದಿದ್ರ ಅವನೂ ಒಂದು ಲೆಕ್ಕದಾಗ ನೊಂದಾವನೇ, ಅವನಿಗೂ ದೊಡ್ಡವ ಕೊಟ್ಟಾನಲ್ಲ. ಅವನೇ ಗ್ಲಾಸ್ ತುಂಬಿ ಆ 16ರ ಹುಡ್ಗನ ಕೈಗಿ ಕೊಟ್ಟಿದ್ರ, ಬೆಟ್ ಕಟ್ಟಿದಾವ ಅವನೇ ಇದ್ರ, ಆಗ ಅವನ ಹೆಸರೂ ಬರ್ತದ. ಬಂದ್ರೂ ಅವಂದು ಬಾಲನ್ಯಾಯ ಮಂಡಳಿ ಮುಂದ ಹೋಗ್ತದ, ದೊಡ್ಡವನ ಕೇಸಿನ ಸಂಗಾಟ ಕೂಡ್ಸಿ ವಿಚಾರಣಾ ಮಾಡಂಗಿಲ್ಲ. ಮಂಡಳಿ ಅಂದ್ರ ಕಟಕಟೆ, ಕರಿ ಕೋಟು, ಕೂಗೋದು ಅಂತ ಸಿನಿಮಾದಾಗಿನಂಗ ತಿಳೀಬ್ಯಾಡ್ರಿ, ಒಬ್ರು ಮ್ಯಾಜಿಸ್ಟ್ರೇಟು, ಇಬ್ರು ಸಮಾಜ ಸೇವಕರು, ಆ ಇಬ್ರಾಗ ಒಬ್ರಾದ್ರೂ ಹೆಣ್ಮಕ್ಳು ಇರ್ಬೇಕು ಅಂತ ಕಾಯ್ದೆದಾಗೇ ಅದ. ಹುಡ್ಗನ್ನ ಕುಂದರ್ಸಿ ಕೇಳ್ತಾರ, ತಂದಿ ತಾಯಿನೂ ಕರೀತಾರ. ಬುದ್ಧಿ ಹೇಳಿ ಬಿಡಬಹುದು, ಕೌನ್ಸೆಲಿಂಗ್ ಹಚ್ಚಬಹುದು, ಸಮಾಜ ಸೇವಾ ಮಾಡ್ಸಬಹುದು, ದಂಡ ತಂದಿ ತಾಯಿ ಕಟ್ಟಬೇಕು ಅನ್ನಬಹುದು. ಪಾಸ್‌ಪೋರ್ಟ್, ನೌಕ್ರಿ ಅಂದ್ರಲ್ಲ, ಅದೇ ಕಾಯ್ದೆದ 24ನೇ ಕಲಂ ಹೇಳ್ತದ, ಈ ಕಾಯ್ದೆ ಕೆಳಗ ತಪ್ಪಿತಸ್ಥ ಆದ ಮಗುವಿಗಿ ಮುಂದ ಯಾವ ಅನರ್ಹತಾನೂ ಹತ್ತಂಗಿಲ್ಲ, ಅಪೀಲಿನ ಟೈಮ್ ಮುಗದ್ಮ್ಯಾಲ ರೆಕಾರ್ಡ್ ನಾಶ ಮಾಡ್ಬೇಕು. ನಮ್ಮ ಮಂದಿಗಿ ಇದು ಭಾಳ ಕಡಿಮಿ ಗೊತ್ತದ, ಗೊತ್ತಿಲ್ದಕ್ಕೇ ಮೂರು ಲಕ್ಷ ಕೇಳೋರು ಹುಟ್ಕೋತಾರ.

ಆ ಮೂರು ಲಕ್ಷ. ಒಂದು ಪೈಸಾ ಕೊಡಬ್ಯಾಡ್ರಿ. ಗುನ್ನೆ ಮುಚ್ಚಿಡ್ಲಾಕ ರೊಕ್ಕ ತಗೊಳ್ಳೋದೂ ಗುನ್ನೆ, ಕೊಡೋದೂ ಗುನ್ನೆ, ನ್ಯಾಯ ಸಂಹಿತೆದಾಗ ಎರಡಕ್ಕೂ ಬ್ಯಾರೆ ಬ್ಯಾರೆ ಕಲಂ ಅವ. ಮತ್ತ ನಡುವ ಬಂದಾರಲ್ಲ, ಅವ್ರು ಆ ತಂದಿ ಕಡೆಯಿಂದ ಬಂದಾರೋ ತಮ್ಮ ಹೊಟ್ಟಿ ಕಡೆಯಿಂದ ಬಂದಾರೋ ಯಾರಿಗಿ ಗೊತ್ತು. ನೀವಿಬ್ರೂ ಖುದ್ದು ಆ ಮನಿಗಿ ಹೋಗ್ರಿ. ಹೋಗೋದಕ್ಕ ಯಾವ ಕಾನೂನೂ ಅಡ್ಡ ಬರೂದಿಲ್ಲ. ಹುಡ್ಗನ್ನ ನೋಡಿ ಮಾತಾಡ್ಸ್ರಿ, ದವಾಖಾನಿ ಖರ್ಚು ನಾವು ಹಾಕ್ತೀವಿ ಅನ್ರಿ, ಹಾಕೋದಿದ್ರ ದವಾಖಾನಿ ಬಿಲ್ಲಿಗೇ ನೇರ ಕಟ್ಟಿ ರಶೀದಿ ತಗೋರಿ, ಕೈಯಾಗ ನಗದು ಬ್ಯಾಡ. ಕಂಪ್ಲೇಂಟ್ ಕೊಡಬ್ಯಾಡ್ರಿ ಅಂತ ಕಾಲ್ ಹಿಡೀಬ್ಯಾಡ್ರಿ, ಅದು ಅವ್ರ ಹಕ್ಕು. ಒಬ್ಬ ತಂದಿ ನನ್ನ ಚೇಂಬರಿನಾಗ ಕುಂತು ಹೇಳಿದ್ದು ಇನ್ನಾ ಕಿವ್ಯಾಗ ಅದ, ರೊಕ್ಕ ತಗೊಂಡು ನಾಕು ಮಂದಿ ಬಂದ್ರು ವಕೀಲ್ರೆ, ನನ್ ಮಗ ಹ್ಯಾಂಗದಾನ ಅಂತ ಒಬ್ರೂ ಕೇಳ್ಲಿಲ್ಲ, ಅದಕ್ಕೇ ಕೇಸ್ ಹಾಕ್ತೀನಿ ಅಂದ. ಅದು ಬ್ಯಾರೆ ಕೇಸು, ಕುಡದ ಕೇಸಲ್ಲ, ಆದ್ರ ನನಗ ನಿಮ್ಮ ಪತ್ರ ಓದುವಾಗ ಅವ್ರೇ ನೆಪ್ಪಾದ್ರು.

ನಿಮ್ಮಿಬ್ರ ಮ್ಯಾಲ ಬರ್ತದೇನು ಅಂದ್ರ. ನೀವು ಸೊಲ್ಲಾಪುರದಾಗಿದ್ರಿ, ಸೆರೆ ಬರ್ತದ ಅಂತ ಗೊತ್ತಿರ್ಲಿಲ್ಲ, ಮನ್ಯಾಗ ಒಬ್ಬ ದೊಡ್ಡವನ್ನ ಬಿಟ್ಟು ಹೋಗಿದ್ರಿ. ಮನಿ ನಿಮ್ದು ಅನ್ನೋದೊಂದಕ್ಕೇ ಗುನ್ನೆ ಹತ್ತೂದಿಲ್ಲ. ಕೊಟ್ಟೋರು ನೀವಲ್ಲ, ಕೊಡ್ಸಿದೋರು ನೀವಲ್ಲ. ಬಾಲನ್ಯಾಯ ಕಾಯ್ದೆದಾಗ ಕಲಂ 75 ಅಂತ ಒಂದದ, ಮಗು ಯಾರ ಸುಪರ್ದಿನಾಗ ಇರ್ತದೋ ಅವ್ರು ಬೇಕಂತೇ ನಿರ್ಲಕ್ಷ್ಯ ಮಾಡಿದ್ರ 3 ವರ್ಷದ ತನಕ ಜೇಲು ಇಲ್ಲಾ 1 ಲಕ್ಷದ ತನಕ ದಂಡ. ಬೇಕಂತೇ ಅನ್ನೋದು ಅಲ್ಲಿ ಮುಖ್ಯ. ಹಂಗಂತ ಒಂದ್ ಮಾತು ಖುಲ್ಲಾ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೋಗೋ ಮುಂದ ಮಗ ನಿಮಗ ಮೆಸೇಜ್ ಹಾಕಿದ್ನೇನು, ಅಮ್ಮ ಬಿಯರ್ ತರ್ತೀವಿ, ಬರೀ ಬಿಯರು ಅಂತ? ನಿಮ್ಮನಿಯವ್ರು ಹೋಗ್ಲಿ ಬಿಡು, ರಿಸಲ್ಟ್ ಬಂದದ, ಒಂದ್ ದಿನ ಅಂತ ನಕ್ಕೋತ ಹೇಳಿದ್ರೇನು? ಹಂಗೇನರೆ ಇದ್ರ ನಿಮ್ಮ ವಕೀಲರ ಮುಂದ ಮೊದಲ್ನೇ ದಿನವೇ ಹೇಳ್ರಿ. ನನ್ನ ಅನುಭವದಾಗ ಕಕ್ಷಿದಾರರು ನಮ್ಮ ಮುಂದ ಬಚ್ಚಿಡ್ತಾರ, ಎದುರು ಪಾರ್ಟಿ ವಕೀಲರು ಅದರ ಪ್ರಿಂಟ್ ಹಿಡ್ಕೊಂಡು ನಿಂತಿರ್ತಾರ.

ಫೋನ್ ಖಾಲಿ ಮಾಡೋದು ಬ್ಯಾಡೇ ಬ್ಯಾಡ. ಪುರಾವೆ ನಾಶ ಮಾಡೋದು ನ್ಯಾಯ ಸಂಹಿತೆದ 238ನೇ ಕಲಂ, ಈಗ ಇಲ್ದ ಗುನ್ನೆ ಅವತ್ತಿಂದ ಇದ್ದಂಗಾಯ್ತದ, ಅದೂ ನಿಮ್ಮನಿಯವ್ರ ಮ್ಯಾಲ. ಮತ್ತ ಆ ವಿಡಿಯೋ ಬರೀ ನಿಮಗ ಉಲ್ಟಾ ಅಂತ ಯಾಕ ತಿಳ್ಕೊಂಡ್ರಿ, ಅದ್ರಾಗ ನಿಮ್ ಮಗ ಬ್ಯಾಡೋ ಸಾಕೋ ಅಂತ ಕೂಗಿದ್ದೂ ಇರಬಹುದಲ್ಲ. ಫೋನ್ ಹಂಗೇ ಇಡ್ರಿ, ಗ್ರೂಪಿಗಿ ಮಾತ್ರ ಒಂದ್ ಮೆಸೇಜ್ ಹಾಕ್ಸ್ರಿ, ಮುಂದ ಯಾರೂ ಕಳಸಬ್ಯಾಡ್ರಿ ಅಂತ. ಇಂಥ ಕೇಸಿನಾಗ ಇರೋ ಮಕ್ಕಳ ಗುರ್ತು ಬಹಿರಂಗ ಮಾಡೋದು ಬಾಲನ್ಯಾಯ ಕಾಯ್ದೆದ 74ನೇ ಕಲಂ ಪ್ರಕಾರ ತಪ್ಪು, 6 ತಿಂಗ್ಳ ತನಕ ಜೇಲು ಇಲ್ಲಾ 2 ಲಕ್ಷದ ತನಕ ದಂಡ ಇಲ್ಲಾ ಎರಡೂ. ನಮ್ಮ ಕಡೆ ಲೋಕಲ್ ಯೂಟ್ಯೂಬ್ ಚಾನೆಲ್ಲು ಓಣಿಗೊಂದು ಆಗ್ಯಾವ, ಮಾರಿಗಿ ಬ್ಲರ್ ಹಾಕಿ ಹಿಂದ ಮನಿ ಬಾಗ್ಲು ಗಾಡಿ ನಂಬರ್ ಎಲ್ಲ ತೋರ್ಸ್ತಾರ, ಅದೂ ಗುರ್ತು ತೋರ್ಸಿದಂಗೇ.

ದವಾಖಾನ್ಯಾಗ ಪೊಲೀಸರಿಗಿ ತಿಳಿಸಿದ್ರ ಡಾಕ್ಟರ್ ಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ್ರಿ. ಇಂಥದ್ದು ಬಂದಾಗ ಎಂಎಲ್‌ಸಿ, ಅಂದ್ರ ಮೆಡಿಕೋ ಲೀಗಲ್ ಕೇಸ್ ಅಂತ ಬರಿಯೋದು ಅವ್ರ ರೀತಿ. ಪೊಲೀಸರು ನಿಮ್ ಮಗನ್ನ ಕೇಳ್ಬೇಕಂದ್ರ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಪ್ರತೀ ಠಾಣಾದಾಗ ಒಬ್ರು ಇರ್ಬೇಕು, ಅವ್ರೇ ಕೇಳ್ಬೇಕು. ಕರದ್ರ ನೀವೂ ಸಂಗಾಟ ಹೋಗ್ರಿ, ಒಬ್ಬನ್ನೇ ಕಳಸಬ್ಯಾಡ್ರಿ. ವಕೀಲರ ಫೀಸ್ ಕಷ್ಟ ಅದ ಅಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಕೋರ್ಟ್ ಕಂಪೌಂಡಿನಾಗೇ ಕೇಳಿದ್ರ ತೋರ್ಸ್ತಾರ, ಹೆಣ್ಮಕ್ಳಿಗಿ ಮಕ್ಕಳಿಗಿ ಆದಾಯ ಎಷ್ಟೇ ಇರ್ಲಿ ಪುಕ್ಕಟೆ ವಕೀಲರು ಸಿಗ್ತಾರ, 15100ಕ್ಕ ಫೋನ್ ಮಾಡಿದ್ರೂ ಆಯ್ತದ.

ಇನ್ನ ಆ ಎರಡು ತಾಸಿಂದು ಕಡೀಕಿನ ಪ್ರಶ್ನೆದಾಗ ಬರ್ದೀನಿ, ಅದ್ನ ಮಗನ ಕೈಯಾಗ ಕೊಟ್ಟು ಓದ್ಸ್ರಿ.

ಪ್ರಶ್ನೆ: ಮಗನಿಗಿ 17. ಹೊರಗ ಹೋಗಿ ಎಲ್ಲೋ ಕುಡದು ಬೀಳೋದ್ಕಿಂತ ಮನ್ಯಾಗ ನನ್ ಕಣ್ಣ ಮುಂದ ಒಂದು ಪೆಗ್ ಕುಡೀಲಿ ಅಂತ ನನ್ನ ವಿಚಾರ. ನನ್ ಮನಿ, ನನ್ ಮಗ, ನನ್ ರೊಕ್ಕ. ಇದ್ರಾಗ ಸರ್ಕಾರದ್ದೇನು?
ಒಬ್ಬ ತಂದಿ, ಬೀದರ್

ಉತ್ತರ: ಅಣ್ಣೋರೆ, ಮನಿ ನಿಮ್ದು, ರೊಕ್ಕ ನಿಮ್ದು, ಖರೇ. 77ನೇ ಕಲಂನಾಗ ತಂದಿ ಬಿಟ್ಟು ಬ್ಯಾರೆಯವ್ರು ಅಂತ ಬರ್ದಿಲ್ಲ, ಯಾರೇ ಆಗ್ಲಿ ಅಂತ ಬರ್ದಾರ. ಕೆಲವು ದೇಶದಾಗ ತಂದಿ ತಾಯಿ ಮುಂದ ಕುಡದ್ರ ನಡಿತದ ಅಂತ ಅದ, ನಮ್ಮಲ್ಲಿಲ್ಲ. ನಾಕು ಗ್ವಾಡಿ ಒಳಗ ನಡದದ್ದು ಯಾರು ನೋಡ್ತಾರ ಅಂತೀರಿ, ಹೌದು, ಯಾರೂ ನೋಡೂದಿಲ್ಲ, ಏನರೆ ಆಗೋ ತನಕ. ಇವತ್ತು ನಿಮ್ ಮಗ, ನಾಳಿ ಅವನ ಗೆಳ್ಯಾ ಬಂದು ಕಾಕಾ ನಂಗೂ ಅಂತಾನ, ಅವನಿಗಿ ಕೊಟ್ರಂದ್ರ ಅವನ ತಂದಿ ನಿಮ್ಮ ವಿಚಾರದವ್ರೇ ಇರ್ತಾರ ಅಂತ ಗ್ಯಾರಂಟಿ ಏನದ? 2024ರ ಮೇ ತಿಂಗ್ಳಾಗ ಪುಣೆದಾಗ 17 ವರ್ಷದ ಹುಡ್ಗ ಕುಡದು ಕಾರ್ ಓಡ್ಸಿ ಇಬ್ರು ಸಾಫ್ಟ್‌ವೇರ್ ಎಂಜಿನಿಯರ್ ಸತ್ತ ಕೇಸ್ ನೆಪ್ಪಿರಬೇಕು, ಹುಡ್ಗನಿಗಿ 300 ಶಬ್ದದ ಪ್ರಬಂಧ ಬರಿ ಅಂದಿದ್ದನ್ನ ಎಲ್ಲಾರೂ ಮಾತಾಡಿದ್ರು, ಅವನ ತಂದಿನ್ನ ಇದೇ 75, 77ನೇ ಕಲಂ ಹಚ್ಚಿ ಅರೆಸ್ಟ್ ಮಾಡಿದ್ದು, ಬಾರಿನವ್ರನ್ನ ಒಳಗ ಹಾಕಿದ್ದು ಭಾಳ ಮಂದಿಗಿ ನೆಪ್ಪಿಲ್ಲ.

ನಿಮ್ಮ ಕಪಾಟಿನಾಗ ಬಾಟ್ಲಿ ಇದ್ರ ಅದಕ್ಕ ಕೀಲಿ ಹಾಕ್ರಿ. ಮಗ ಕದ್ದು ಕುಡದ್ರ ನೀವು ಕೊಟ್ಟಂಗಾಗೂದಿಲ್ಲ, ಆದ್ರ ಮೂರು ಸಲ ಕದ್ದಾನ, ನಿಮಗ ಗೊತ್ತದ, ನಾಕನೇ ಸಲಾನೂ ಅಲ್ಲೇ ಇಟ್ಟೀರಿ ಅಂದ್ರ ಅವಾಗ ಮಾತು ಬ್ಯಾರೆ.

ಪ್ರಶ್ನೆ: ನನಗ 19. ಓಟ್ ಹಾಕ್ತೀನಿ, ಲೈಸೆನ್ಸ್ ಅದ. ವೈನ್ ಶಾಪಿನಾಗ 21 ಆಗಿಲ್ಲಂತ ಕೊಡ್ಲಿಲ್ಲ. 18ಕ್ಕ ಮೇಜರ್ ಅಲ್ಲೇನು?
ಪದವಿ ವಿದ್ಯಾರ್ಥಿ, ಬಸವಕಲ್ಯಾಣ

ಉತ್ತರ: ಮೇಜರ್ ಹೌದು ತಮ್ಮಾ, ಆದ್ರ ಅಂಗಡಿಯವ ಮಾಡಿದ್ದೂ ಬರೋಬ್ಬರಿ ಅದ. ನಮ್ಮ ರಾಜ್ಯದ್ದೇ ಒಂದು ಗೊಂದಲ ಅದು. 1965ರ ಅಬಕಾರಿ ಕಾಯ್ದೆದಾಗ 18 ಅಂತ ಅದ, 1967ರ ಲೈಸೆನ್ಸ್ ನಿಯಮದಾಗ 21 ಅಂತ ಅದ, ಅಂಗಡಿಯವ ಲೈಸೆನ್ಸ್ ಉಳಿಸ್ಕೋಬೇಕಲ್ಲ, 21 ಹಿಡೀತಾನ. 2023ರ ಜನವರಿದಾಗ ಸರ್ಕಾರ ಎರಡೂ ಕಡೆ 18 ಮಾಡೋಣ ಅಂತ ಕರಡು ತಂದು, ಮಂದಿ ಬೈದ್ಮ್ಯಾಲ ಹಿಂದ ತಗೊಂಡ್ತು. ಬಾಜೂದ ರಾಜ್ಯಕ್ಕ ಹೋಗಿ ತರ್ತೀನಿ ಅನ್ನೋ ವಿಚಾರ ಇದ್ರ ತೆಲಂಗಾಣದ ಜಹೀರಾಬಾದಿನಾಗೂ 21, ಉದಗೀರ್ ಕಡೆ ಹೋದ್ರ ಮಹಾರಾಷ್ಟ್ರದಾಗ ವಿಸ್ಕಿ ರಮ್ಮಿಗಿ 25. ಮ್ಯಾಲ ಹೊರಗಿನ ಬಾಟ್ಲಿ ಪರವಾನಗಿ ಇಲ್ದ ಗಡಿ ದಾಟಿ ತಂದ್ರ ಚೆಕ್‌ಪೋಸ್ಟಿನಾಗ ಅಬಕಾರಿಯವ್ರ ಬ್ಯಾರೆ ತಕರಾರು. ಇನ್ನೊಂದು, 19ರಾವ ನೀನು 17ರ ಗೆಳ್ಯಾಗ ಕುಡ್ಸಿದ್ರ ಮ್ಯಾಲ ಅಕ್ಕೋರಿಗಿ ಹೇಳಿದ 22 ವರ್ಷದಾವನ ಜಾಗದಾಗ ನೀನೇ ನಿಂತಿರ್ತಿ, ನಿನಗ ಮಂಡಳಿ ಇಲ್ಲ, ನೇರ ಕೋರ್ಟು.

ಪ್ರಶ್ನೆ: ಫ್ರೆಂಡಿನ ಮನ್ಯಾಗ ಪಾರ್ಟಿ ಮುಗಿಸಿ ನಮ್ಮಣ್ಣನ ಮಗ, 16 ವರ್ಷ, ಸ್ಕೂಟಿ ತಗೊಂಡು ಬರುವಾಗ ಒಬ್ರಿಗಿ ಹಾಯ್ಸ್ಯಾನ. ಸಣ್ಣ ಗಾಯ. ಗಾಡಿ ನಮ್ಮ ಅಣ್ಣನ ಹೆಸರಿನಾಗದ.
ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಇಲ್ಲಿ ಕುಡದದ್ದು ಒಂದು, ಗಾಡಿ ಇನ್ನೊಂದು, ಗಾಡಿದೇ ಭಾರ ಆಯ್ತದ. 2019ರ ತಿದ್ದುಪಡಿ ಆದ್ಮ್ಯಾಲ ಮೋಟಾರು ವಾಹನ ಕಾಯ್ದೆದಾಗ 199ಎ ಅಂತ ಬಂದದ, ಸಣ್ಣವ ಗಾಡಿ ಓಡ್ಸಿ ತಪ್ಪು ಮಾಡಿದ್ರ ಗಾಡಿ ಮಾಲಕ ಇಲ್ಲಾ ಪೋಷಕನೇ ತಪ್ಪಿತಸ್ಥ ಅಂತ ಕಾನೂನು ಮೊದ್ಲೇ ಹಿಡೀತದ. 3 ವರ್ಷದ ತನಕ ಜೇಲು, 25,000 ದಂಡ, ಗಾಡಿ ರಿಜಿಸ್ಟ್ರೇಷನ್ 12 ತಿಂಗ್ಳು ರದ್ದು, ಹುಡ್ಗನಿಗಿ 25 ವರ್ಷ ತುಂಬೋ ತನಕ ಲೈಸೆನ್ಸ್ ಇಲ್ಲ. ನನಗ ಗೊತ್ತಿಲ್ದ ಒಯ್ದಾನ, ನಾ ತಡೀಲಾಕ ಮಾಡೋದೆಲ್ಲ ಮಾಡಿದ್ದೆ ಅಂತ ಸಾಬೀತು ಮಾಡಿದ್ರ ನಿಮ್ಮಣ್ಣ ಪಾರಾಗಬಹುದು, ಆದ್ರ ಚಾವಿ ಟಿವಿ ಬಾಜೂ ಮೊಳಿಗಿ ತೂಗ್ಹಾಕಿತ್ತು, ದಿನಾ ಟ್ಯೂಷನ್ನಿಗೂ ಅದೇ ಗಾಡಿ ಮ್ಯಾಲ ಹೋಗ್ತಿದ್ದ ಅಂದ್ರ ಓಣಿ ಮಂದಿನೇ ಸಾಕ್ಷಿ ಹೇಳ್ತಾರ. ಕುಡದು ಓಡ್ಸಿದ್ದು 185, ರಕ್ತದಾಗ 100 ಎಂಎಲ್‌ಗೆ 30 ಮಿಲಿಗ್ರಾಮ್ ದಾಟಿದ್ರ ಗುನ್ನೆ, ಮೊದಲ್ನೇ ಸಲ 10,000 ದಂಡ, 6 ತಿಂಗ್ಳ ತನಕ ಜೇಲೂ ಅದ. ಲೈಸೆನ್ಸ್ ಇಲ್ದವನಿಗಿ ಗಾಡಿ ಕೊಟ್ಟದ್ದಕ್ಕ ಇನ್ಶೂರೆನ್ಸಿನವ್ರು ಪರಿಹಾರ ಕೊಟ್ಟು ಆಮ್ಯಾಲ ಮಾಲಕನ ಕಡೆಯಿಂದ ವಸೂಲಿ ಮಾಡ್ತಾರ, ಸಣ್ಣ ಗಾಯ ಅಂತೀರಿ ಸದ್ಯ. ಗಾಯ ಆದವ್ರನ್ನ ಹೋಗಿ ನೋಡಿದ್ರೇನು? ಪತ್ರದಾಗ ಬರ್ದಿಲ್ಲ.

ಪ್ರಶ್ನೆ: ನಾ ಸಾಲಿ ಮಾಸ್ತರ. ಏಳನೇತ್ತದ ಹುಡ್ಗ ಸಾಂಜಿ ಕೈಯಾಗ ಬಾಟ್ಲಿ ಹಿಡ್ಕೊಂಡು ಹೊಂಟಿದ್ದ. ಕೇಳಿದ್ರ ಅಪ್ಪ ತರ್ಸ್ಯಾನ ಸರ್ ಅಂದ. ಹುಡ್ಗ ಕುಡಿಯೂದಿಲ್ಲ. ಇದೂ ತಪ್ಪೇನು?
ಚಿಂಚೋಳಿ ತಾಲೂಕು

ಉತ್ತರ: ತಪ್ಪು ಮಾಸ್ತರೆ, ಮತ್ತ ಇದು ನಮ್ಮ ಮೂರೂ ಜಿಲ್ಲಾದಾಗ ದಿನಾ ಸಾಂಜಿ ನಡಿಯೋ ತಪ್ಪು. ಹೋಗಿ ಒಂದು ಕ್ವಾರ್ಟರ್ ತಾ, ಉಳದ ಚಿಲ್ರದಾಗ ನೀ ಏನರೆ ತಿನ್ನು ಅಂತ ಕಳ್ಸೋದು. ಮಗುವಿನ ಕೈಲೆ ಸೆರೆ ಮಾರ್ಸೋದು, ತರ್ಸೋದು, ಒಯ್ಸೋದು ಬಾಲನ್ಯಾಯ ಕಾಯ್ದೆದ 78ನೇ ಕಲಂ, ಅದಕ್ಕೂ 7 ವರ್ಷ, 1 ಲಕ್ಷ. ಅಂಗಡಿಯವ ಸಣ್ಣ ಹುಡ್ಗನ ಕೈಗಿ ಕೊಟ್ಟಾನಂದ್ರ ಅವನ ಲೈಸೆನ್ಸಿಗೂ ಬರ್ತದ. ಮೊದಲ್ನೇ ದಿನಾನೇ ಠಾಣಾಕ್ಕ ಹೋಗ್ರಿ ಅನ್ನೂದಿಲ್ಲ ನಾ, ಆ ತಂದಿನ್ನ ಸಾಲಿಗಿ ಕರ್ಸಿ ಈ ಕಲಂ ಓದಿ ಹೇಳ್ರಿ, ಅಂಗಡಿಯವನಿಗೂ ಹೇಳ್ರಿ, ನಿಮ್ಮಂಥ ಮಾಸ್ತರ ಮಾತು ಊರಾಗ ಇನ್ನಾ ನಡಿತದ. ಕೇಳ್ಲಿಲ್ಲಂದ್ರ 1098ಕ್ಕ ಫೋನ್ ಮಾಡ್ರಿ, ಅದು ಮಕ್ಕಳ ಸಹಾಯವಾಣಿ.

ಪ್ರಶ್ನೆ: ಸರ್ ನಾವೆಲ್ಲ 17. ಎಲ್ಲಾರೂ 200 ರೂಪಾಯಿ ಹಾಕಿ ಪಾರ್ಟಿ ಮಾಡ್ತೀವಿ, ಕೊಟ್ಟೋರು ಯಾರೂ ಇಲ್ಲ ಅಲ್ವಾ? ಮತ್ತ ಯಾರಾದ್ರೂ ಬಿದ್ರ 112ಕ್ಕ ಫೋನ್ ಮಾಡಿದ್ರ ಮೊದ್ಲು ನಮ್ಮನ್ನೇ ಹಿಡಿತಾರೇನು?
ಹೆಸರು ಬ್ಯಾಡ, ಕಲಬುರಗಿ

ಉತ್ತರ: ಬಾಟ್ಲಿ ತಾನಾಗೇ ನಡ್ಕೊಂಡು ಬರೂದಿಲ್ಲ ತಮ್ಮಾ. 17ಕ್ಕ ಅಂಗಡಿಯವ ಕೊಡಂಗಿಲ್ಲ, ಕೊಟ್ಟಾನಂದ್ರ ಅವ ಸಿಕ್ಕೊಂಡ, ಇಲ್ಲಾ ನೀವು ಯಾವನೋ ಅಣ್ಣನ ಕೈಲೆ ತರ್ಸೀರಿ, ಅವ ಸಿಕ್ಕೊಂಡ. 50 ರೂಪಾಯಿ ಕಮಿಷನ್ನಿನ ಆಸೆಕ್ಕ ಬಾಟ್ಲಿ ತಂದು ಕೊಟ್ಟಾವ ಒಬ್ಬ ಬಡ ಹುಡ್ಗ ಇರ್ತಾನ ನೋಡು, ಇಂಥ ಕೇಸಿನಾಗ ಮೊದ್ಲು ಅವನೇ ಒಳಗ ಹೋಗೋದು, ನಿಮ್ಮ 200 ರೂಪಾಯಿ ಟ್ರಾನ್ಸ್‌ಫರ್ ಎಲ್ಲ ಅವನ ಖಾತೆದಾಗ ಹೆಸರು ಸಮೇತ ಇರ್ತದ.

ಎರಡನೇದಕ್ಕ. ಫೋನ್ ಮಾಡು. 112 ಇಲ್ಲಾ 108. ಫೋನ್ ಮಾಡಿದ್ದೇ ಗುನ್ನೆ ಅನ್ನೋ ಕಲಂ ಯಾವುದೂ ಇಲ್ಲ, ಮಾಡ್ಲಾರ್ದೆ ಬಿಟ್ಟು ಏನರೆ ಆದ್ರ ಕೇಳೋ ಕಲಂ ಭಾಳ ಅವ. ಮ್ಯಾಲಿನ ಪತ್ರದಾಗಿನ ಹುಡ್ಗ ಕುಡದ ಸ್ಟೀಲ್ ಗ್ಲಾಸ್ ಅದಲ್ಲ, ಅದ್ರಾಗ ಒಂದು ಕ್ವಾರ್ಟರ್ ಸಹಜ ಹಿಡೀತದ, 180 ಎಂಎಲ್, 30ರ ಪೆಗ್ ಲೆಕ್ಕ ಹಿಡದ್ರ ಆರು ಪೆಗ್ಗು, ನೀರಿಲ್ದ, ಒಂದೇ ಸಲ, 16 ವರ್ಷದ ಮೈಗಿ. ಮಲಗಿದ್ರ ಇಳೀತದ ಅಂತ ಬಿಡ್ತಾರ, ಆದ್ರ ಕುಡಿಯೋದು ನಿಲ್ಸಿದ್ಮ್ಯಾಲೂ ಹೊಟ್ಯಾಗಿದ್ದದ್ದು ರಕ್ತಕ್ಕ ಏರ್ಕೋತೇ ಇರ್ತದ. ಎಬ್ಬಿಸಿದ್ರ ಏಳಲಿಲ್ಲ, ಉಸ್ರು ತಡದು ತಡದು ಬರ್ಲಾಕತ್ತದ, ತುಟಿ ಉಗುರು ನೀಲಿ ಆಗ್ಯಾವ, ಮೈ ತಣ್ಣಗ ಆಗ್ಯದ ಅಂದ್ರ ನಿದ್ದಿ ಅಲ್ಲ ಅದು. ಅಂಗಾತ ಮಲಗ್ಸಬ್ಯಾಡ್ರಿ, ವಾಂತಿ ಬಂದ್ರ ಶ್ವಾಸದಾಗ ಹೋಗಿ ಸಿಕ್ಕೋತದ, ಹಂಗೂ ಜೀವ ಹೋಗ್ತದ. ಒಂದು ಮಗ್ಗಲಕ್ಕ ಹೊರಳ್ಸಿ, ಬಾಯಿ ಕೆಳಗ ಮಾಡಿ, ಬೀಳ್ದಂಗ ಮೊಣಕಾಲು ಮಡಚಿ ಇಡ್ರಿ. ನಿಂಬಿಹಣ್ಣು, ಮಜ್ಜಿಗಿ, ಕಾಫಿ, ಏನೂ ಬಾಯಾಗ ಹಾಕಬ್ಯಾಡ್ರಿ, ಬಟ್ಟು ಹಾಕಿ ವಾಂತಿ ಮಾಡ್ಸಬ್ಯಾಡ್ರಿ, ತಣ್ಣೀರಿನ ಕೆಳಗ ಕುಂದರ್ಸಬ್ಯಾಡ್ರಿ. ಒಬ್ಬ ಅವನ ಬಾಜೂ ಕುಂದರ್ಬೇಕು, ಒಬ್ಬ ಗೇಟಿನ ಹೊರಗ ಮೊಬೈಲ್ ಟಾರ್ಚ್ ಹಿಡ್ಕೊಂಡು ಗಾಡಿಗಿ ದಾರಿ ತೋರ್ಸ್ಬೇಕು. ದವಾಖಾನ್ಯಾಗ ಡಾಕ್ಟರ್ ಕೇಳಿದ್ರ ಏನೋ ತಿಂದದ್ದು ಹೆಚ್ಚು ಕಡಿಮಿ ಆಗ್ಯದ ಅಂತ ಸುಳ್ಳು ಹೇಳ್ಬ್ಯಾಡ್ರಿ, ಏನ್ ಕುಡದ, ಎಷ್ಟು, ಎಷ್ಟೊತ್ತಿಗಿ, ಅದ್ರ ಸಂಗಾಟ ಗುಳಗಿ ಏನರೆ ತಗೊಂಡಾನೋ, ಸೀದಾ ಹೇಳ್ರಿ. ಬಾಟ್ಲಿ ನೀರಿನ ಟ್ಯಾಂಕಿನ ಹಿಂದ ಬಚ್ಚಿಟ್ಟಿರ್ತೀರಲ್ಲ, ಅದ್ನೂ ತಗದು ಸಂಗಾಟ ಒಯ್ರಿ, ಡಾಕ್ಟರಿಗಿ ಬೇಕಾಯ್ತದ.